ತಲೆಗೆ ಪೆಟ್ಟು ಬಿದ್ದ ಅಪಘಾತ: ಪರಿಹಾರದ ಅರ್ಜಿಯನ್ನು ಕಟ್ಟುವ ಬಗೆ

ಕಾಲು ಮುರಿದವನು ನ್ಯಾಯಾಲಯಕ್ಕೆ ಊರುಗೋಲು ಹಿಡಿದು ಬರುತ್ತಾನೆ. ಮೆದುಳಿಗೆ ಪೆಟ್ಟು ಬಿದ್ದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯ ಹಿಂದೆ ನಡೆದುಕೊಂಡೇ ಬಂದು, ಸಾಕ್ಷಿ ಕಟಕಟೆಯಲ್ಲಿ ತನ್ನ ಹೆಸರು, ವಯಸ್ಸು, ಊರು ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಾನೆ. ವಿಮಾ ಕಂಪನಿಯ ವಕೀಲರು ಪಾಟೀ ಸವಾಲಿನಲ್ಲಿ "ಈಗ ಆರೋಗ್ಯವಾಗಿದ್ದೀರಲ್ಲವೇ?" ಎಂದು ಕೇಳಿದರೆ "ಹೌದು ಸಾರ್, ಚೆನ್ನಾಗಿದ್ದೇನೆ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ತನಗೆ ಏನು ಕಡಿಮೆಯಾಗಿದೆ ಎಂಬ ಅರಿವೇ ಉಳಿಯದಿರುವುದು ಮೆದುಳಿನ ಮುಂಭಾಗಕ್ಕೆ ಗಾಯವಾದವರಲ್ಲಿ ಕಾಣುವ ಲಕ್ಷಣಗಳಲ್ಲಿ ಒಂದು. ಆದರೆ ಆ ಉತ್ತರ ದಾಖಲಾದ ಮೇಲೆ ಅದನ್ನು ಅಳಿಸಲಾಗದು.

ಹೀಗಾಗಿ ಮೆದುಳಿನ ಗಾಯದ ಪರಿಹಾರದ ಅರ್ಜಿ ಗಾಯಾಳುವಿನ ಬಾಯಿಮಾತಿನ ಮೇಲೆ ನಿಲ್ಲುವುದಿಲ್ಲ. ಮೊದಲ ರಾತ್ರಿ ಆಸ್ಪತ್ರೆಯಲ್ಲಿ ಬರೆದ ಕಾಗದದ ಮೇಲೆ ಮತ್ತು ನಂತರದ ತಿಂಗಳುಗಳಲ್ಲಿ ಮನೆಯವರು ಕಂಡು ಬರೆದಿಟ್ಟ ವಿವರಗಳ ಮೇಲೆ ನಿಲ್ಲುತ್ತದೆ. ಈ ಬರಹವನ್ನು ಅಂಥ ಮನೆಯವರಿಗಾಗಿ, ಕರ್ನಾಟಕದ ನ್ಯಾಯಾಲಯಗಳ ರೂಢಿಯನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ.

ಆಸ್ಪತ್ರೆಯ ಮೊದಲ ಕಾಗದ

ಅಪಘಾತದ ಗಾಯಾಳುವನ್ನು ತುರ್ತು ವಿಭಾಗಕ್ಕೆ ಕರೆತಂದೊಡನೆ ವೈದ್ಯರು ಅದನ್ನು ಎಂಎಲ್‌ಸಿ ಪ್ರಕರಣವೆಂದು (ಪೊಲೀಸರಿಗೂ ತಿಳಿಸಬೇಕಾದ, ಕಾನೂನಿಗೆ ಸಂಬಂಧಿಸಿದ ಗಾಯದ ಪ್ರಕರಣವೆಂದು) ದಾಖಲಿಸಿ, ಘಟನೆ ಹೇಗಾಯಿತೆಂದು ಕರೆತಂದವರನ್ನು ಕೇಳಿ ಒಂದೆರಡು ಸಾಲು ಬರೆಯುತ್ತಾರೆ. ಎಷ್ಟೋ ಪ್ರಕರಣಗಳು ಕೆಡುವುದು ಇಲ್ಲಿಯೇ. ಗಾಬರಿಯಲ್ಲಿದ್ದ ದಾರಿಹೋಕನೊಬ್ಬ "ಗಾಡಿಯಿಂದ ಬಿದ್ದರು" ಎಂದು ಹೇಳಿ, ವೈದ್ಯರು "ಸೆಲ್ಫ್ ಫಾಲ್" (ತಾನಾಗಿಯೇ ಬಿದ್ದದ್ದು) ಎಂದು ಬರೆದುಕೊಂಡರೆ, ಡಿಕ್ಕಿ ಹೊಡೆದ ಕಾರಿನ ವಿಮಾ ಕಂಪನಿಗೆ ಎರಡು ವರ್ಷದ ನಂತರವೂ ಆ ಎರಡು ಪದ ಸಾಕು. ಕುಟುಂಬದವರು ಆಸ್ಪತ್ರೆಗೆ ತಲುಪಿದ ದಿನವೇ ಎಂಎಲ್‌ಸಿ ದಾಖಲೆಯಲ್ಲಿ ಏನು ಬರೆದಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. ತಪ್ಪಾಗಿದ್ದರೆ, ನಿಜವಾಗಿ ನಡೆದದ್ದನ್ನು ಕಣ್ಣಾರೆ ಕಂಡವರ ಹೆಸರಿನೊಂದಿಗೆ ವೈದ್ಯರಿಗೂ ಪೊಲೀಸರಿಗೂ ಲಿಖಿತವಾಗಿ ತಿಳಿಸಬೇಕು.

ಎರಡನೆಯದಾಗಿ ನೋಡಬೇಕಾದದ್ದು ಜಿಸಿಎಸ್ ಅಂಕ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಹೀಗೆ ಒಟ್ಟು 15ಕ್ಕೆ ಗಾಯಾಳುವಿನ ಪ್ರಜ್ಞೆಯನ್ನು ಅಳೆಯುತ್ತಾರೆ. ಕೇಸ್ ಶೀಟಿನಲ್ಲಿ ಇದು "ಇ3 ವಿ3 ಎಂ5" ಎಂಬಂತೆ ಇರುತ್ತದೆ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಗಾಯವೆಂದು ಗಣಿಸುತ್ತಾರೆ. ಇದರ ಜೊತೆಗೆ ಎಷ್ಟು ಹೊತ್ತು ಪ್ರಜ್ಞೆ ತಪ್ಪಿತ್ತು, ವಾಂತಿಯಾಯಿತೇ, ಫಿಟ್ಸ್ ಬಂತೇ, ಕಿವಿ ಅಥವಾ ಮೂಗಿನಿಂದ ರಕ್ತ ಬಂತೇ ಎಂಬ ವಿವರಗಳು ಮತ್ತು ಸಿಟಿ ಸ್ಕ್ಯಾನಿನ ವರದಿ ಸೇರಿದರೆ ಪ್ರಕರಣಕ್ಕೆ ಬುನಾದಿ ಬೀಳುತ್ತದೆ. ಸೌಮ್ಯ ಎಂಬ ಪದಕ್ಕೆ ಮೋಸಹೋಗಬಾರದು. ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದೆ, ವಾರಗಳ ನಂತರ ಮೆದುಳಿನ ಪೊರೆಯ ಕೆಳಗೆ ರಕ್ತ ಶೇಖರವಾಗಿ ಶಸ್ತ್ರಚಿಕಿತ್ಸೆಗೆ ಒಳಗಾಗುವವರಿದ್ದಾರೆ. ತಲೆನೋವು, ಮಂಪರು, ನಡಿಗೆಯಲ್ಲಿ ಓಲಾಟ ಕಂಡರೆ ಮತ್ತೆ ತೋರಿಸಿ, ಆ ಭೇಟಿಯ ಚೀಟಿಯನ್ನೂ ಇಟ್ಟುಕೊಳ್ಳಬೇಕು. ಅಪಘಾತಕ್ಕೂ ನಂತರದ ತೊಂದರೆಗೂ ಇರುವ ನಂಟು ಕಡಿದುಹೋಗದಂತೆ ಕಾಯುವುದು ಈ ಚೀಟಿಗಳೇ.

ಚಿಕಿತ್ಸೆಯ ಹಣದ ಬಗ್ಗೆ ಒಂದು ಮಾತು. 2025ರ ಮೇ 5ರಂದು ಜಾರಿಗೆ ಬಂದ ಕೇಂದ್ರ ಸರ್ಕಾರದ ಯೋಜನೆಯಂತೆ, ಮೋಟಾರು ವಾಹನದಿಂದಾದ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿಯ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ದಾಖಲು ಮಾಡುವಾಗಲೇ ಕೇಳಬೇಕು. ಉಳಿದ ಎಲ್ಲ ಬಿಲ್ಲುಗಳ ಮೂಲ ಪ್ರತಿಯನ್ನು, ಪ್ರತಿ ಔಷಧದ ಬಿಲ್ಲಿಗೆ ಅದರ ಚೀಟಿಯನ್ನು ಪಿನ್ನು ಹಾಕಿ, ದಿನಾಂಕದ ಕ್ರಮದಲ್ಲಿ ಇಡಬೇಕು. ಚೀಟಿಯಿಲ್ಲದ ಬಿಲ್ಲುಗಳನ್ನು ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿ ಪಕ್ಕಕ್ಕಿಡುವುದೇ ಹೆಚ್ಚು.

ಪೊಲೀಸ್ ದಾಖಲೆಗಳು

ಐಸಿಯು ಬಾಗಿಲಲ್ಲಿ ಕೂತ ಕುಟುಂಬಕ್ಕೆ ಠಾಣೆಯ ನೆನಪು ತಡವಾಗಿ ಬರುವುದು ಸಹಜ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲಿಯೇ ಬರೆಯಬೇಕು. ವಾಹನದ ನೋಂದಣಿ ಸಂಖ್ಯೆ, ಚಾಲಕ ಯಾರು, ಯಾವ ದಿಕ್ಕಿನಿಂದ ಬಂದ ಎಂಬುದು ಸ್ಪಷ್ಟವಾಗಿರಲಿ. 2024ರ ಜುಲೈ 1ರ ನಂತರದ ಅಪಘಾತಗಳಲ್ಲಿ ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು ತೀವ್ರ ಗಾಯಕ್ಕೆ ಕಲಂ 125(ಬಿ) ಅನ್ವಯವಾಗುತ್ತವೆ. ಮೊದಲು ಸಾಧಾರಣ ಗಾಯವೆಂದು ದಾಖಲಾಗಿದ್ದರೆ ಸ್ಕ್ಯಾನ್ ವರದಿಯನ್ನು ತನಿಖಾಧಿಕಾರಿಗೆ ಕೊಟ್ಟು ತಿದ್ದಿಸಿಕೊಳ್ಳಬೇಕು.

ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ ಇವಿಷ್ಟೂ ದೃಢೀಕೃತ ನಕಲುಗಳಾಗಿ ಬೇಕು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿಯನ್ನೂ, 90 ದಿನಗಳೊಳಗೆ ವಿಸ್ತೃತ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಪೊಲೀಸರು ವರದಿ ಕಳಿಸಿದ್ದಾರೆಂದು ಕುಟುಂಬ ಕೈಕಟ್ಟಿ ಕೂರುವುದು ಮಾತ್ರ ಒಳ್ಳೆಯದಲ್ಲ. ಆ ವರದಿಯಲ್ಲಿ ಗಾಯ ಯಾವುದೆಂದು ಇರುತ್ತದೆಯೇ ಹೊರತು ಗಾಯದಿಂದ ಬದುಕು ಏನಾಯಿತೆಂದು ಇರುವುದಿಲ್ಲ.

ಎಲ್ಲಿ, ಯಾವಾಗ, ಯಾರ ಸಹಿಯಲ್ಲಿ

ಅರ್ಜಿ ಸಲ್ಲಿಸುವುದು ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 166ರ ಅಡಿಯಲ್ಲಿ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು, ಜಿಲ್ಲೆಗಳಲ್ಲಿ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತಾರೆ. ಪ್ರಕರಣಕ್ಕೆ ಎಂವಿಸಿ (ಮೋಟಾರು ವಾಹನ ಪ್ರಕರಣ) ಸಂಖ್ಯೆ ಬೀಳುತ್ತದೆ. ಅಪಘಾತ ನಡೆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ, ಅರ್ಜಿದಾರ ವಾಸಿಸುವ ಊರಿನಲ್ಲೂ ಹಾಕಬಹುದು. ಹಾಸನದವರು ಗೋವಾದ ರಸ್ತೆಯಲ್ಲಿ ಗಾಯಗೊಂಡರೂ ಹಾಸನದಲ್ಲೇ ಪ್ರಕರಣ ನಡೆಸಬಹುದು. ನಡೆಯಲಾಗದ, ಪ್ರಯಾಣದಲ್ಲಿ ಫಿಟ್ಸ್ ಬರುವ ಗಾಯಾಳುವಿನ ಮಟ್ಟಿಗೆ ಇದು ಚಿಕ್ಕ ಅನುಕೂಲವಲ್ಲ.

ಕಲಂ 166(3)ರಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಕೆಯಾಗಬೇಕು. ಈ ಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಲಾಗಿದೆ. ಆದ್ದರಿಂದ ಆರು ತಿಂಗಳು ದಾಟಿದವರು ವಕೀಲರನ್ನು ಕೇಳದೆ ಆಸೆ ಬಿಡಬಾರದು, ದಾಟದವರು ಅದನ್ನು ನಂಬಿ ದಿನ ತಳ್ಳಬಾರದು. "ಗುಣವಾಗಲಿ, ಆಮೇಲೆ ನೋಡೋಣ" ಎಂಬ ಮಾತನ್ನು ಪ್ರತಿ ಮನೆಯಲ್ಲೂ ಯಾರಾದರೂ ಹಿರಿಯರು ಹೇಳುತ್ತಾರೆ. ಮೆದುಳು ಎಷ್ಟರ ಮಟ್ಟಿಗೆ ಚೇತರಿಸಿಕೊಂಡಿತೆಂದು ಹೇಳಲು ವರ್ಷವೇ ಬೇಕಾಗಬಹುದು, ನಿಜ. ಆದರೆ ಅರ್ಜಿಯನ್ನು ಮೊದಲು ಸಲ್ಲಿಸಿ, ವೈಕಲ್ಯದ ಮೌಲ್ಯಮಾಪನವನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಲು ಯಾವ ಅಡ್ಡಿಯೂ ಇಲ್ಲ. ಕೇಳಿದ ಮೊತ್ತಕ್ಕಿಂತ ಹೆಚ್ಚನ್ನು ಕೊಡುವ ಅಧಿಕಾರವೂ ನ್ಯಾಯಮಂಡಳಿಗಿದೆ. ಬಡ್ಡಿಯನ್ನು ಅರ್ಜಿ ಸಲ್ಲಿಸಿದ ದಿನಕ್ಕಿಂತ ಹಿಂದಿನಿಂದ ಕೊಡುವಂತಿಲ್ಲವಾದ್ದರಿಂದ, ತಡಮಾಡಿದಷ್ಟೂ ಅದೂ ನಷ್ಟವೇ.

ಗಾಯಾಳುವಿಗೆ ಪ್ರಜ್ಞೆಯಿಲ್ಲದಿದ್ದರೆ ಅಥವಾ ತಿಳಿವಳಿಕೆ ಮಂಕಾಗಿದ್ದರೆ ವಕಾಲತ್ತಿಗೆ ಅವನ ಹೆಬ್ಬೆಟ್ಟು ಒತ್ತಿಸುವ ಕೆಲಸವನ್ನು ಎಂದಿಗೂ ಮಾಡಬಾರದು. ತನ್ನ ಹಿತವನ್ನು ತಾನು ನೋಡಿಕೊಳ್ಳಲಾಗದ ವ್ಯಕ್ತಿಯ ಪರವಾಗಿ ಹೆಂಡತಿ, ತಂದೆ, ತಾಯಿ ಇವರಲ್ಲಿ ಒಬ್ಬರು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ‘ನೆಕ್ಸ್ಟ್ ಫ್ರೆಂಡ್’ ಆಗಿ ಅರ್ಜಿ ಸಲ್ಲಿಸಬಹುದು. ಅದಕ್ಕೆ ಚಿಕಿತ್ಸೆ ನೀಡಿದ ವೈದ್ಯರ ಪತ್ರವನ್ನು ಲಗತ್ತಿಸಿ, ನ್ಯಾಯಾಲಯದ ಅನುಮತಿ ಪಡೆಯಬೇಕು. ಹೀಗೆ ಮಾಡಿದರೆ ಮೊದಲಲ್ಲಿ ಹೇಳಿದ "ಚೆನ್ನಾಗಿದ್ದೇನೆ" ಎಂಬ ಉತ್ತರದ ಅಪಾಯವೂ ತಪ್ಪುತ್ತದೆ. ಮುಖ್ಯ ಸಾಕ್ಷ್ಯವನ್ನು ಮನೆಯವರೇ ನುಡಿಯುತ್ತಾರೆ, ನ್ಯಾಯಾಧೀಶರು ಗಾಯಾಳುವನ್ನು ಕಣ್ಣಾರೆ ನೋಡಿ ತಮ್ಮ ಅಭಿಪ್ರಾಯವನ್ನು ದಾಖಲಿಸುತ್ತಾರೆ.

ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ಸುರಕ್ಷಿತ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲವೆಂದು ಕಂಪನಿ ವಾದಿಸಿದರೂ, ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸುವುದುಂಟು. ಗಾಯಾಳು ಖಾಸಗಿ ಕಾರಿನೊಳಗೇ ಇದ್ದ ಪ್ರಯಾಣಿಕನಾಗಿದ್ದು ತಪ್ಪು ಅದೇ ಕಾರಿನ ಚಾಲಕನದಾಗಿದ್ದರೆ, ಪಾಲಿಸಿ ಸಮಗ್ರವೋ ಬರಿಯ ಥರ್ಡ್ ಪಾರ್ಟಿಯೋ ಎಂದು ಮೊದಲು ನೋಡಬೇಕು, ಎರಡನೆಯ ಬಗೆಯ ಪಾಲಿಸಿ ಸಾಮಾನ್ಯವಾಗಿ ಅವನನ್ನು ಒಳಗೊಳ್ಳುವುದಿಲ್ಲ. ಡಿಕ್ಕಿ ಹೊಡೆದ ವಾಹನ ಪತ್ತೆಯೇ ಆಗದಿದ್ದರೆ ತೀವ್ರ ಗಾಯಕ್ಕೆ ಸಿಗುವುದು ಕಲಂ 161ರ ಯೋಜನೆಯ 50,000 ರೂಪಾಯಿ ಮಾತ್ರ. ಕಲಂ 164ರಡಿ ಯಾರ ತಪ್ಪೆಂದು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯಬಹುದು. ಆದರೆ ಶಾಶ್ವತವಾಗಿ ದುಡಿಮೆ ನಿಂತವನಿಗೆ ಅದು ಏನೇನೂ ಸಾಲದು, ಮತ್ತು ಆ ದಾರಿ ಹಿಡಿದರೆ 166ರ ದಾರಿ ಮುಚ್ಚುತ್ತದೆ.

ಕಾಣದ ಗಾಯವನ್ನು ಕಾಣುವಂತೆ ಮಾಡುವುದು

ಇಡೀ ಪ್ರಕರಣದ ತಿರುಳು ಇಲ್ಲಿದೆ. ಸುಪ್ರೀಂ ಕೋರ್ಟ್ 2010ರ ಅಕ್ಟೋಬರ್‌ನಲ್ಲಿ ನೀಡಿದ, ಇಂದಿಗೂ ಪ್ರತಿ ನ್ಯಾಯಮಂಡಳಿ ಅನುಸರಿಸುವ ತೀರ್ಪೊಂದರಂತೆ, ದೇಹದ ವೈಕಲ್ಯ ಶೇಕಡಾ ಎಷ್ಟು ಎಂಬುದೂ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತು ಎಂಬುದೂ ಬೇರೆಬೇರೆ. ವೈದ್ಯರು ಹೇಳುವುದು ಮೊದಲನೆಯದನ್ನು. ನ್ಯಾಯಮಂಡಳಿ ತೀರ್ಮಾನಿಸಬೇಕಾದದ್ದು ಎರಡನೆಯದನ್ನು. ಕೈಕಾಲು ನೆಟ್ಟಗಿರುವ ಲೆಕ್ಕಿಗನೊಬ್ಬ ಕೂಡಿಸುವ ಕಳೆಯುವ ಶಕ್ತಿಯನ್ನು ಕಳೆದುಕೊಂಡರೆ ಅವನ ದುಡಿಮೆ ಪೂರ್ತಿಯಾಗಿ ಹೋದಂತೆಯೇ.

ಇದನ್ನು ತೋರಿಸಲು ಮೂರು ಬಗೆಯ ಸಾಕ್ಷ್ಯ ಒಂದಕ್ಕೊಂದು ಕೂಡಬೇಕು. ಚಿಕಿತ್ಸೆ ಕೊಟ್ಟ ನರಶಸ್ತ್ರಚಿಕಿತ್ಸಕರು ಕೇಸ್ ಶೀಟಿನೊಂದಿಗೆ ಬಂದು ಸಾಕ್ಷಿ ನುಡಿಯಬೇಕು. ಅವರಿಗೆ ಬಿಡುವಿಲ್ಲದಿದ್ದರೆ ಕೋರ್ಟ್ ಕಮಿಷನರ್ ಮೂಲಕ ಹೇಳಿಕೆ ಪಡೆಯಲು ಅರ್ಜಿ ಹಾಕಬಹುದು. ಎಂದೂ ಚಿಕಿತ್ಸೆ ನೀಡದ ವೈದ್ಯರೊಬ್ಬರು ಒಂದೇ ಭೇಟಿಯಲ್ಲಿ ನೋಡಿ ಬರೆದುಕೊಟ್ಟ ದೊಡ್ಡ ಶೇಕಡಾವಾರು ಅಂಕೆಯನ್ನು ನ್ಯಾಯಾಧೀಶರು ಅನುಮಾನದಿಂದಲೇ ನೋಡುತ್ತಾರೆ, ಮತ್ತು ಅದು ಸರಿಯೂ ಹೌದು. ಎರಡನೆಯದು ನ್ಯೂರೋಸೈಕಾಲಜಿ ಪರೀಕ್ಷೆ. ನೆನಪು, ಗಮನ, ಯೋಜನೆ ಮಾಡುವ ಶಕ್ತಿ, ಮಾತಿನ ಗ್ರಹಿಕೆ ಇವುಗಳನ್ನು ಗಂಟೆಗಟ್ಟಲೆ ಕೂರಿಸಿ ಅಳೆಯುವ ಈ ಪರೀಕ್ಷೆಗೆ ನಿಮ್ಹಾನ್ಸ್ ನಮ್ಮ ಜನರಿಗೆ ಹೊಂದುವಂತೆ ರೂಪಿಸಿದ ಪರೀಕ್ಷಾ ಸರಣಿಯೇ ಇದೆ. ಸ್ಕ್ಯಾನ್ ಸರಿಯಾಗಿದ್ದೂ ಮನುಷ್ಯ ಸರಿಯಿಲ್ಲದ ಪ್ರಕರಣಗಳಲ್ಲಿ ಈ ವರದಿಯಷ್ಟು ಬಲವಾದ ಕಾಗದ ಇನ್ನೊಂದಿಲ್ಲ.

ಮೂರನೆಯದು ಮನೆಯವರ ದಿನಚರಿ. ಇದಕ್ಕೆ ಹಣ ಬೇಡ, ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆದರೂ ಬರೆಯುವವರು ಕಡಿಮೆ. "ಕೋಪ ಜಾಸ್ತಿ, ಮರೆವು ಜಾಸ್ತಿ" ಎಂದು ಬರೆದರೆ ಏನೂ ಆಗದು. ಹೀಗೆ ಬರೆಯಬೇಕು: "ಮಂಗಳವಾರ. ಹಾಲು ಕಾಯಲಿಟ್ಟು ಹೊರಗೆ ಹೋಗಿ ಕೂತರು. ಪಾತ್ರೆ ಸೀದ ವಾಸನೆ ಪಕ್ಕದ ಮನೆಗೆ ಬಂತು, ಇವರಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ ಊಟ ಹಾಕು ಎಂದರು." ಇದರಲ್ಲಿ ಮರೆವಿನ ಜೊತೆಗೆ ವಾಸನೆಯ ಅರಿವು ಹೋಗಿರುವುದೂ ದಾಖಲಾಯಿತು. ತಲೆಯ ಪೆಟ್ಟಿನಲ್ಲಿ ವಾಸನೆ ಹೋಗುವುದು ಅಪರೂಪವೇನಲ್ಲ, ಕೇಳದಿದ್ದರೆ ಗಾಯಾಳು ಹೇಳುವುದಿಲ್ಲ. ಅಡುಗೆಯವನಿಗೋ ಅಗರಬತ್ತಿ ಮಾಡುವವಳಿಗೋ ಅದು ಹೊಟ್ಟೆಪಾಡಿನ ಪ್ರಶ್ನೆ. ಫಿಟ್ಸ್ ಬಂದ ದಿನ ಮತ್ತು ಹೊತ್ತು, ರಾತ್ರಿ ಎಷ್ಟು ಸಲ ಎದ್ದರು, ಒಂಟಿಯಾಗಿ ಬಿಟ್ಟು ಹೋಗಲಾಗದೆ ಹೆಂಡತಿ ಕೆಲಸ ಬಿಟ್ಟ ದಿನಾಂಕ ಇವೆಲ್ಲ ಅದರಲ್ಲಿರಲಿ. ಅಪಘಾತಕ್ಕೆ ಮೊದಲು ಗಾಯಾಳು ಹೇಗಿದ್ದರೆಂದು ಹೇಳಬಲ್ಲ ಮೇಸ್ತ್ರಿ, ಸಹೋದ್ಯೋಗಿ ಅಥವಾ ಗಿರಾಕಿಯೊಬ್ಬರನ್ನು ಸಾಕ್ಷಿಯಾಗಿ ಕರೆಸಿದರೆ, ಮೊದಲಿಗೂ ಈಗಿಗೂ ಇರುವ ಅಂತರ ನ್ಯಾಯಾಧೀಶರ ಕಣ್ಣಿಗೆ ಕಟ್ಟುತ್ತದೆ.

ಲೆಕ್ಕ ಹೇಗೆ ಬೀಳುತ್ತದೆ

34 ವರ್ಷದ ಎಲೆಕ್ಟ್ರಿಷಿಯನ್ ಒಬ್ಬರು ತಿಂಗಳಿಗೆ 18,000 ರೂಪಾಯಿ ದುಡಿಯುತ್ತಿದ್ದರೆಂದು ಇಟ್ಟುಕೊಳ್ಳೋಣ. ಅವರು ಸ್ವಂತ ಉದ್ಯೋಗದವರು ಮತ್ತು 40ರೊಳಗಿನವರಾದ್ದರಿಂದ, 2017ರ ಸಂವಿಧಾನ ಪೀಠದ ತೀರ್ಪಿನಂತೆ ಮುಂದಿನ ಏಳಿಗೆಗಾಗಿ ಶೇ. 40, ಅಂದರೆ 7,200 ಸೇರಿ 25,200 ಆಗುತ್ತದೆ. ಈ ಏರಿಕೆ ಮರಣದ ಪ್ರಕರಣಗಳಿಗಷ್ಟೇ ಅಲ್ಲ, ಗಾಯದ ಪ್ರಕರಣಗಳಿಗೂ ಉಂಟೆಂದು 2020ರಲ್ಲಿ ಸ್ಪಷ್ಟವಾಗಿದೆ. ವರ್ಷಕ್ಕೆ 3,02,400. 31ರಿಂದ 35ರ ವಯಸ್ಸಿಗೆ 2009ರ ತೀರ್ಪಿನ ಕೋಷ್ಟಕದಂತೆ ಗುಣಕ 16; ಗುಣಿಸಿದರೆ 48,38,400. ದುಡಿಮೆಯ ಶಕ್ತಿ ಶೇ. 60 ಹೋಗಿದೆಯೆಂದು ಸಾಬೀತಾದರೆ ಈ ಒಂದು ಬಾಬ್ತಿಗೇ 29,03,040 ರೂಪಾಯಿ ಬರುತ್ತದೆ. ಶೇ. 20 ಎಂದು ತೀರ್ಮಾನವಾದರೆ 9,67,680ಕ್ಕೆ ಇಳಿಯುತ್ತದೆ. ದಿನಚರಿಯ ನೋಟ್‌ಬುಕ್ಕಿನ ಬೆಲೆ ಈ ಎರಡು ಅಂಕೆಗಳ ನಡುವೆ ಇದೆ.

ಆದಾಯಕ್ಕೆ ಪುರಾವೆಯಿಲ್ಲದಿದ್ದರೆ ಕರ್ನಾಟಕದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿಯನ್ನು, ಅಪಘಾತವಾದ ವರ್ಷ ನೋಡಿ, ಹಿಡಿಯುತ್ತಾರೆ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದವರು ಬ್ಯಾಂಕ್ ಪಾಸ್‌ಬುಕ್, ಯುಪಿಐ ಜಮೆಯ ವಿವರ, ಆದಾಯ ತೆರಿಗೆ ರಿಟರ್ನ್ ಇವುಗಳಲ್ಲಿ ಏನಾದರೊಂದನ್ನು ತರಬೇಕು.

ಇದರ ಹೊರತಾಗಿ ಚಿಕಿತ್ಸಾ ವೆಚ್ಚ, ಓಡಾಟ ಮತ್ತು ಪೌಷ್ಟಿಕ ಆಹಾರ, ಮಲಗಿದ್ದ ಕಾಲದ ದುಡಿಮೆಯ ನಷ್ಟ, ನೋವು, ಬದುಕಿನ ಸುಖಗಳ ನಷ್ಟ, ಮದುವೆಯ ಅವಕಾಶದ ನಷ್ಟ ಎಂಬ ಬಾಬ್ತುಗಳಿವೆ. ಇವುಗಳನ್ನು ವಕೀಲರು ಮರೆಯುವುದಿಲ್ಲ. ಮರೆಯುವುದು ಹೆಚ್ಚಾಗಿ ಆರೈಕೆಯವರ ಖರ್ಚನ್ನು. "ಹೆಂಡತಿ ನೋಡಿಕೊಳ್ಳುತ್ತಾಳಲ್ಲ" ಎಂಬ ಮಾತಿನಲ್ಲಿ ಅದು ಮುಚ್ಚಿಹೋಗುತ್ತದೆ. ಅಪಘಾತದಿಂದ ಬುದ್ಧಿಯ ಬೆಳವಣಿಗೆ ಶಿಶುವಿನ ಮಟ್ಟಕ್ಕೆ ಇಳಿದಿದ್ದ 12 ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಇಬ್ಬರು ಆರೈಕೆಯವರಿಗೆ ತಲಾ 5,000 ರೂಪಾಯಿಯಂತೆ ತಿಂಗಳ ಖರ್ಚನ್ನು 18ರ ಗುಣಕದಿಂದ ಲೆಕ್ಕ ಹಾಕಿ 21,60,000 ರೂಪಾಯಿ ನೀಡಿತು. ಒಟ್ಟು ಪರಿಹಾರ 62,27,000ಕ್ಕೆ ಏರಿತು. ಆರೈಕೆಯನ್ನೂ ಗುಣಕದಿಂದಲೇ ಲೆಕ್ಕ ಹಾಕಬೇಕೆಂದು ಈ ತೀರ್ಪನ್ನು ಮುಂದಿಟ್ಟು ಕೇಳಬೇಕು.

ಮುಂದಿನ ಚಿಕಿತ್ಸೆಯ ಖರ್ಚನ್ನೂ ಈಗಲೇ ಕೇಳಬೇಕು, ಏಕೆಂದರೆ ಅಂತಿಮ ಆದೇಶವಾದ ಮೇಲೆ ಮತ್ತೆ ಬಂದು ಚಿಕಿತ್ಸೆಗೆಂದು ಹೆಚ್ಚುವರಿ ಪರಿಹಾರ ಕೇಳಲು ಕಾಯ್ದೆಯಲ್ಲಿ ದಾರಿಯಿಲ್ಲ. ಊದಿಕೊಂಡ ಮೆದುಳಿಗೆ ಜಾಗ ಮಾಡಲು ತಲೆಬುರುಡೆಯ ಒಂದು ತುಂಡನ್ನು ತೆಗೆದು ಹೊಟ್ಟೆಯ ಚರ್ಮದಡಿ ಇಟ್ಟಿದ್ದರೆ, ಅದನ್ನು ಮರಳಿ ಕೂರಿಸುವ ಶಸ್ತ್ರಚಿಕಿತ್ಸೆಯ ಅಂದಾಜು ಪತ್ರವನ್ನು ಆಸ್ಪತ್ರೆಯಿಂದ ಪಡೆಯಬೇಕು. ಫಿಟ್ಸ್ ಮಾತ್ರೆ, ಫಿಸಿಯೋಥೆರಪಿ, ಸ್ಪೀಚ್ ಥೆರಪಿ ಎಷ್ಟು ವರ್ಷ ಬೇಕೆಂದು ವೈದ್ಯರ ಹೇಳಿಕೆಯಲ್ಲಿಯೇ ಬರಬೇಕು.

ವಕೀಲರು, ಮಧ್ಯವರ್ತಿಗಳು, ರಾಜಿ

ಆಸ್ಪತ್ರೆಯ ಕಾರಿಡಾರಿನಲ್ಲಿ "ಕೇಸು ನಾವೇ ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಎಂದು ಬರುವವರಿಗೆ ಖಾಲಿ ಕಾಗದದ ಮೇಲಾಗಲಿ ಚೆಕ್ಕಿನ ಮೇಲಾಗಲಿ ಸಹಿ ಮಾಡಬಾರದು. ಫಲಿತಾಂಶದ ಮೇಲೆ ಪಾಲು ಗೊತ್ತುಪಡಿಸಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವೈಕಲ್ಯ ಇರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು; ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.

ಲೋಕ ಅದಾಲತ್‌ನಲ್ಲಿ ಹಣ ಬೇಗ ಸಿಗುತ್ತದೆ, ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿಯಿಲ್ಲ. ಮೆದುಳಿನ ಗಾಯದ ಮಟ್ಟಿಗೆ, ನ್ಯೂರೋಸೈಕಾಲಜಿ ವರದಿ ಕೈಗೆ ಬರುವ ಮೊದಲು ರಾಜಿಗೆ ಕೂರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕಂಪನಿಯ ಅಧಿಕಾರಿ ಮುಂದಿಡುವ ಮೊತ್ತ ಸಣ್ಣದೋ ದೊಡ್ಡದೋ ಎಂದು ತೂಗಲು ಆ ವರದಿಯಿಲ್ಲದೆ ತಕ್ಕಡಿಯೇ ಇರುವುದಿಲ್ಲ.

ಆದೇಶದ ನಂತರ

ಆದೇಶವಾದ 30 ದಿನಗಳೊಳಗೆ ಕಂಪನಿ ಹಣ ಠೇವಣಿ ಇಡಬೇಕು. ಇಡದಿದ್ದರೆ ಆದೇಶವನ್ನು ಜಾರಿಗೊಳಿಸುವಂತೆ ಕೋರುವ ಅಮಲ್ಜಾರಿ ಅರ್ಜಿ ಹಾಕಬೇಕು. ಮೊತ್ತ ಕಡಿಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು, ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಗಾಯಾಳುವಿಗೆ ಹಣದ ವ್ಯವಹಾರ ತಿಳಿಯದಿದ್ದರೆ ನ್ಯಾಯಮಂಡಳಿ ದೊಡ್ಡ ಪಾಲನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಲು ಹೇಳುತ್ತದೆ. ಇದನ್ನು ಅಡ್ಡಿಯೆಂದು ಬೈಯುವವರಿದ್ದಾರೆ, ಆದರೆ ತಿಂಗಳ ಬಡ್ಡಿ ಆರೈಕೆ ಮಾಡುವವರ ಖಾತೆಗೆ ನೇರವಾಗಿ ಬೀಳುವಂತೆ ಆದೇಶದಲ್ಲಿಯೇ ಬರೆಸಿಕೊಂಡರೆ ಮಾತ್ರೆಯ ಖರ್ಚು ನಿಲ್ಲುವುದಿಲ್ಲ. ಅವಧಿಗೆ ಮೊದಲೇ ಅಸಲಿನಿಂದ ಹಣ ಬೇಕಾದಾಗ ಆಸ್ಪತ್ರೆಯ ಅಂದಾಜು ಪತ್ರವನ್ನು ಲಗತ್ತಿಸಿ ಅದೇ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ಆಗ ಮೂಲ ಎಂವಿಸಿ ಸಂಖ್ಯೆ ಕೇಳುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ಅದನ್ನು ಬರೆದಿಟ್ಟಿರಬೇಕು.